ಪದವಿ ಮುಗಿದ ಮೇಲಿನ ಐದು ವರ್ಷ

(ಸದಸ್ಯ ಶಿಕ್ಷಣ ಪಾಠ)



ಪದವಿ ಪರೀಕ್ಷೆಗಳ ಫಲಿತಾಂಶ ಬರುವ ದಿನಗಳಲ್ಲಿ ಗೊಬ್ಬರಕ್ಕೋ ಮುಂಗಡಕ್ಕೋ ಸಂಘದ ಕಚೇರಿಗೆ ಬಂದವರು ಕೆಲಸ ಮುಗಿದ ಮೇಲೂ ಸ್ವಲ್ಪ ಹೊತ್ತು ಬೆಂಚಿನ ಮೇಲೆ ಕೂತುಕೊಳ್ಳುತ್ತಾರೆ. "ಮಗನದು ಬಿ.ಕಾಂ. ಆಯಿತು, ಮುಂದೆ ಏನು ಮಾಡಿಸುವುದು?" "ಮಗಳು ಎಂ.ಬಿ.ಎ. ಓದುತ್ತೇನೆ ಅನ್ನುತ್ತಾಳೆ, ಅಷ್ಟು ಸಾಲ ಮಾಡಬಹುದೋ?" ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಈ ನಾಲ್ಕೂ ಕಡೆಯ ಸದಸ್ಯರು ಕೇಳುವ ಪ್ರಶ್ನೆ ಇದು.

ಕೊಳೆರೋಗ, ಬೋರ್ಡೋ ದ್ರಾವಣ, ಕಾಫಿಯ ಕಾಂಡಕೊರಕ ಎಂದು ಬರೆಯುವ ಈ ಪುಟದಲ್ಲಿ ಇದೇಕೆ ಎಂದು ಕೆಲವರಿಗೆ ಅನಿಸಬಹುದು. ಕಾರಣ ಸರಳ. ಎರಡು-ಮೂರು ಎಕರೆ ತೋಟದ ಮನೆಯಲ್ಲಿ ಓದಿದ ಮಗು ಯಾವ ದಾರಿ ಹಿಡಿಯುತ್ತದೆ ಎಂಬುದರ ಮೇಲೆ ಆ ತೋಟದ ಮುಂದಿನ ಮೂವತ್ತು ವರ್ಷ ನಿಂತಿರುತ್ತದೆ. ಅಲ್ಲದೆ ಸಂಘಗಳಿಗೆ ಒಳ್ಳೆಯ ಮ್ಯಾನೇಜರುಗಳು ಸಿಗುವುದು ಕಷ್ಟವಾಗುತ್ತಿದೆ. ಹಾಗಾಗಿ ಈ ವಿಷಯ ಮನೆಗೂ ಸೇರಿದ್ದು, ಸಂಘಕ್ಕೂ ಸೇರಿದ್ದು.

ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂಬ ಗಾದೆ ನಮ್ಮಲ್ಲಿದೆ. ಒಕ್ಕಾಲು ಓದಿಗೆ ಕಾಲೇಜುಗಳಿವೆ. ಉಳಿದ ಮುಕ್ಕಾಲು ಬರುವುದು ಪದವಿಯ ನಂತರದ ಐದು ವರ್ಷಗಳಲ್ಲಿ. ಆ ಐದು ವರ್ಷಗಳ ಬಗ್ಗೆ ಮನೆಯವರು ಯೋಚಿಸುವುದು ಬಹಳ ಕಡಿಮೆ. ಈ ಪಾಠ ಅದರ ಬಗ್ಗೆ.

1. ಯಾವ ಪದವಿಯಿಂದ ಏನು ಬರುತ್ತದೆ

ಬಿ.ಕಾಂ. ಮುಖ್ಯವಾಗಿ ಲೆಕ್ಕಪತ್ರದ ಓದು. ಜಮಾ-ಖರ್ಚು, ಆಢಾವೆ ಪತ್ರಿಕೆ, ತೆರಿಗೆ, ವ್ಯಾಪಾರ ಕಾನೂನು ಇವುಗಳ ತಳಪಾಯ ಅದರಲ್ಲಿ ಸಿಗುತ್ತದೆ. ಬಿ.ಬಿ.ಎ.ಯಲ್ಲಿ ಲೆಕ್ಕ ಸ್ವಲ್ಪ ಕಡಿಮೆ. ಮಾರುಕಟ್ಟೆ, ಸಿಬ್ಬಂದಿ, ಆಡಳಿತದ ವಿಷಯ ಹೆಚ್ಚು. ನಮ್ಮ ರಾಜ್ಯದಲ್ಲಿ 2021-22ರಲ್ಲಿ ನಾಲ್ಕು ವರ್ಷದ ಪದವಿ ಬಂದಿತ್ತು. 2024-25ರಿಂದ ಮತ್ತೆ ಮೂರು ವರ್ಷದ ಪದವಿಗೇ ಮರಳಿದ್ದೇವೆ. ದಾಂಡೇಲಿಯ ಬಂಗೂರನಗರ ಕಾಲೇಜಿನಲ್ಲಿ ವಾಣಿಜ್ಯ ಓದಿ ಹೊರಬಂದವರು ನಮ್ಮ ಭಾಗದ ಬ್ಯಾಂಕು, ಕಚೇರಿಗಳಲ್ಲಿ ಅನೇಕರಿದ್ದಾರೆ.

ಎಂ.ಬಿ.ಎ. ಎರಡು ವರ್ಷದ ಸ್ನಾತಕೋತ್ತರ ಓದು. ರಾಜ್ಯ ಸರ್ಕಾರದ ಪಿ.ಜಿ.ಸಿ.ಇ.ಟಿ. ಪರೀಕ್ಷೆಯ ಮೂಲಕ ವಿಶ್ವವಿದ್ಯಾಲಯಗಳಲ್ಲೂ ಕಾಲೇಜುಗಳಲ್ಲೂ ಸೀಟು ಸಿಗುತ್ತದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕೌಸಾಳಿ ಸಂಸ್ಥೆ ನಮಗೆ ಹತ್ತಿರದ್ದು. ಬೆಂಗಳೂರಿನ ಐ.ಐ.ಎಂ.ನಂಥ ಸಂಸ್ಥೆಗಳಿಗೆ ಕ್ಯಾಟ್ ಪರೀಕ್ಷೆ ಬರೆಯಬೇಕು. ತೋಟದ ಮನೆಯ ಮಕ್ಕಳು ಗಮನಿಸಬೇಕಾದ ಇನ್ನೊಂದು ಸಂಸ್ಥೆ ಬೆಂಗಳೂರಿನ ಭಾರತೀಯ ತೋಟಗಾರಿಕಾ ಆಡಳಿತ ಸಂಸ್ಥೆ. ಕಾಫಿ, ಚಹಾ, ರಬ್ಬರ್‌ನಂಥ ತೋಟದ ಬೆಳೆಗಳ ವ್ಯವಹಾರಕ್ಕೆಂದೇ ಕೇಂದ್ರ ವಾಣಿಜ್ಯ ಸಚಿವಾಲಯದ ಆಶ್ರಯದಲ್ಲಿ ಅದು ಹುಟ್ಟಿದೆ.

ಬೆಂಗಳೂರಿನಲ್ಲಿ ಐ.ಐ.ಎಂ. ಆರಂಭವಾದದ್ದು 1973ರಲ್ಲಿ. ಅದೇ ವರ್ಷ ಜುಲೈ ತಿಂಗಳಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿತು. ಅಡಿಕೆಯ ಬೆಲೆ ನೆಲಕಚ್ಚಿದ್ದ ಕಾಲದಲ್ಲಿ ವಾರಣಾಶಿ ಸುಬ್ರಾಯ ಭಟ್ಟರು ಕರ್ನಾಟಕ, ಕೇರಳದ ಬೆಳೆಗಾರರನ್ನು ಒಂದುಗೂಡಿಸಿ ಅದನ್ನು ಕಟ್ಟಿದರು. ಒಂದು ಕಡೆ ಆಡಳಿತಗಾರರನ್ನು ತಯಾರು ಮಾಡುವ ಶಾಲೆ, ಇನ್ನೊಂದು ಕಡೆ ಆಡಳಿತಗಾರರು ಬೇಕಾದ ಬೆಳೆಗಾರರ ಸಂಸ್ಥೆ. ಐವತ್ತು ವರ್ಷ ಕಳೆದರೂ ಆ ಶಾಲೆಯಿಂದ ಈ ಸಂಸ್ಥೆಗಳಿಗೆ ಬರುವ ದಾರಿ ಹೆಚ್ಚು ಸವೆದಿಲ್ಲ.

2. ಸಾಲದ ಲೆಕ್ಕ ಮೊದಲು

ಎಂ.ಬಿ.ಎ. ಎಂದ ಕೂಡಲೇ ಸಾಲದ ಮಾತು ಬರುತ್ತದೆ. ಒಂದು ಉದಾಹರಣೆ ಹಾಕಿ ನೋಡೋಣ. ಬ್ಯಾಂಕು ಮೊದಲ ವರ್ಷ ರೂ. 2,50,000, ಎರಡನೆಯ ವರ್ಷ ರೂ. 2,50,000 ಕೊಟ್ಟಿತು, ಬಡ್ಡಿ ಶೇ. 10 ಎಂದಿಟ್ಟುಕೊಳ್ಳಿ. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಾಗಿಲ್ಲ. ಆದರೆ ಬಡ್ಡಿ ಓಡುತ್ತಲೇ ಇರುತ್ತದೆ. ಮೊದಲ ಕಂತಿಗೆ ಮೂರು ವರ್ಷದ ಬಡ್ಡಿ ರೂ. 75,000, ಎರಡನೆಯದಕ್ಕೆ ಎರಡು ವರ್ಷದ ಬಡ್ಡಿ ರೂ. 50,000. ಸರಳ ಬಡ್ಡಿಯಲ್ಲೇ ಐದು ಲಕ್ಷದ ಸಾಲ ರೂ. 6,25,000 ಆಗಿ ಎದುರು ನಿಲ್ಲುತ್ತದೆ. ಚಾಲಿಯ ದರ ಕ್ವಿಂಟಲಿಗೆ ರೂ. 40,000 ಎಂದು ಹಿಡಿದರೆ ಇದು ಹದಿನೈದೂವರೆ ಕ್ವಿಂಟಲಿಗೂ ಮಿಕ್ಕಿದ ಅಡಿಕೆ. ನಮ್ಮ ತೋಟದಿಂದ ಅಷ್ಟು ಅಡಿಕೆ ಎಷ್ಟು ವರ್ಷದಲ್ಲಿ ಬರುತ್ತದೆ, ಅದರಲ್ಲಿ ಖರ್ಚು ಕಳೆದು ಉಳಿಯುವುದೆಷ್ಟು ಎಂದು ಮನೆಯವರೆಲ್ಲ ಕೂತು ಲೆಕ್ಕ ಹಾಕಬೇಕು. ಮಗ, ಮಗಳೇ ಆ ಲೆಕ್ಕ ಬರೆಯಲಿ. ಅದೇ ಅವರ ಮೊದಲ ಆಡಳಿತ ಪಾಠ.

ಸಾಲವೇ ಬೇಡ ಎಂದು ನಾವು ಹೇಳುತ್ತಿಲ್ಲ. ಕಾಲೇಜಿನ ಹೆಸರಿಗೆ ಮರುಳಾಗಿ ಸಾಲ ಮಾಡಬೇಡಿ ಎನ್ನುತ್ತೇವೆ. ಬಿ.ಕಾಂ. ಮುಗಿಸಿ ಎರಡು ವರ್ಷ ಕೆಲಸ ಮಾಡಿದ ಮೇಲೆ ಎಂ.ಬಿ.ಎ.ಗೆ ಹೋದವರು ಪಾಠವನ್ನು ಬೇರೆಯೇ ಕಣ್ಣಿನಿಂದ ನೋಡುತ್ತಾರೆ. ಅವರಿಗೆ ಕೇಳಲು ಪ್ರಶ್ನೆಗಳಿರುತ್ತವೆ.

3. ಮೊದಲ ಎರಡು ವರ್ಷ: ಕಲಿಯುವವನ ಕೆಲಸ

ಮ್ಯಾನೇಜ್‌ಮೆಂಟ್ ಟ್ರೈನಿ ಎಂಬ ಹೆಸರು ಕೇಳಿ ಮಗ ಮ್ಯಾನೇಜರನೇ ಆದ ಎಂದು ಊರಿಗೆಲ್ಲ ಸಿಹಿ ಹಂಚಿದವರನ್ನು ಕಂಡಿದ್ದೇವೆ. ಟ್ರೈನಿ ಎಂದರೆ ಕಲಿಯುವವನು. ಕಾರ್ಖಾನೆಯಲ್ಲಾದರೆ ಕೆಲವು ತಿಂಗಳು ಉಗ್ರಾಣ, ಕೆಲವು ತಿಂಗಳು ಖರೀದಿ, ಮತ್ತೆ ಮಾಲು ರವಾನೆ, ಮತ್ತೆ ಲೆಕ್ಕ ಶಾಖೆ ಎಂದು ತಿರುಗಿಸುತ್ತಾರೆ. ಬ್ಯಾಂಕಿನಲ್ಲಿ ಪ್ರೊಬೇಷನರಿ ಅಧಿಕಾರಿಯಾಗಿ ಸೇರಿದವರಿಗೆ ಸಾಮಾನ್ಯವಾಗಿ ಎರಡು ವರ್ಷ ಪರೀಕ್ಷಾವಧಿ. ನಗದು ಕೌಂಟರಿನಿಂದ ಹಿಡಿದು ಬೆಳೆಸಾಲದ ಕಾಗದದವರೆಗೆ ಎಲ್ಲವನ್ನೂ ಮುಟ್ಟಬೇಕು. ಆಮೇಲೆ ಸ್ಕೇಲ್ ಒಂದು, ಎರಡು, ಮೂರು ಎಂದು ಮೆಟ್ಟಿಲು. ಯಾವ ಮೆಟ್ಟಿಲನ್ನೂ ಹಾರಿ ದಾಟುವಂತಿಲ್ಲ.

ಈ ಎರಡು ವರ್ಷದಲ್ಲೇ ಬಹಳ ಮಂದಿ ಬೇಸತ್ತು ಬಿಡುತ್ತಾರೆ. "ಇಷ್ಟು ಓದಿ ಚೀಲ ಎಣಿಸುವುದೇ?" ಎಂಬ ಮಾತು ಬರುತ್ತದೆ. ಮನೆಯವರೂ ಅದಕ್ಕೆ ತಲೆ ಆಡಿಸುತ್ತಾರೆ. ಬಂಧುಗಳೇ, ಚೀಲ ಎಣಿಸಲು ಬಾರದವನು ಉಗ್ರಾಣದ ಕಳವನ್ನು ಹಿಡಿಯಲಾರ. ಅಡಿಕೆ ಸುಲಿದು ನೋಡದವನಿಗೆ ಕೊನೆ ಕೊಯ್ಲಿನ ಕೂಲಿ ಏಕೆ ಏರಿತು ಎಂದು ತಿಳಿಯುವುದಿಲ್ಲ.

ನಮ್ಮ ಮಲೆನಾಡಿನದೇ ಒಂದು ಉದಾಹರಣೆ ಎಲ್ಲರಿಗೂ ಗೊತ್ತಿದೆ. ಚಿಕ್ಕಮಗಳೂರಿನ ಕಾಫಿ ತೋಟದ ಮನೆಯ ವಿ.ಜಿ. ಸಿದ್ಧಾರ್ಥ ಅವರು ಮಂಗಳೂರು ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಓದಿದರು. 1980ರ ದಶಕದ ಮೊದಲರ್ಧದಲ್ಲಿ ಮುಂಬಯಿಗೆ ಹೋಗಿ ಜೆ.ಎಂ. ಫೈನಾನ್ಶಿಯಲ್ ಸಂಸ್ಥೆಯಲ್ಲಿ ಕಲಿಯುವವರಾಗಿ ಸೇರಿದರು. ಅಲ್ಲಿ ಕೆಲಸ ಕಲಿತು ಬೆಂಗಳೂರಿಗೆ ಮರಳಿದ ಮೇಲೆ ಸ್ವಂತ ವ್ಯವಹಾರ ಆರಂಭಿಸಿದರು. 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆದಾಗ ಆ ಕಲಿಕೆಗೆ ಹತ್ತು ವರ್ಷ ದಾಟಿತ್ತು. ಅದೇ ಜೀವನದಲ್ಲಿ ಇನ್ನೊಂದು ಪಾಠವೂ ಇದೆ. 2019ರ ಜುಲೈಯಲ್ಲಿ ಅವರು ತೀರಿಕೊಂಡಾಗ ಸಂಸ್ಥೆಯ ಮೇಲೆ ಸಾವಿರಾರು ಕೋಟಿ ರೂಪಾಯಿ ಸಾಲವಿತ್ತು. ಬೆಳೆಸುವ ವಿದ್ಯೆಯ ಜೊತೆಗೆ ಸಾಲವನ್ನು ಅಳತೆಯಲ್ಲಿಡುವ ವಿದ್ಯೆಯೂ ಆಡಳಿತವೇ. ಮೂರು ಎಕರೆಯ ತೋಟಕ್ಕೂ ಈ ಮಾತು ಸಲ್ಲುತ್ತದೆ.

4. ಕಾಲೇಜಿನ ಪಾಠ, ವಖಾರಿಯ ಪಾಠ

ಆಡಳಿತ ಎಂದರೆ ಏನು ಎಂದು ಕೇಳಿದರೆ ನಾವು ಒಂದು ಲೆಕ್ಕ ಹೇಳುತ್ತೇವೆ. ಸದಸ್ಯರೊಬ್ಬರು 10 ಕ್ವಿಂಟಲ್ ಚಾಲಿ ತಂದರು. ಇಂದಿನ ದರ ರೂ. 40,000 ಎಂದಿಟ್ಟುಕೊಳ್ಳಿ. ಮಾರಿದರೆ ರೂ. 4,00,000. "ದರ ಏರುತ್ತದೆ, ಆರು ತಿಂಗಳು ಇಡೋಣ" ಎನ್ನುತ್ತಾರೆ. ಸಂಘದಿಂದ ಶೇ. 60, ಅಂದರೆ ರೂ. 2,40,000 ಮುಂಗಡ ಪಡೆಯುತ್ತಾರೆ. ಬಡ್ಡಿ ಶೇ. 12 ಆದರೆ ಆರು ತಿಂಗಳಿಗೆ ರೂ. 14,400. ವಖಾರಿ ಬಾಡಿಗೆ ಮತ್ತು ವಿಮೆ ರೂ. 1,600. ಒಣಗಿ ತೂಕ ಶೇ. 2 ಇಳಿದರೆ ಉಳಿಯುವುದು 9.8 ಕ್ವಿಂಟಲ್. ಈಗ ಭಾಗಿಸಿ ನೋಡಿ: ನಾಲ್ಕು ಲಕ್ಷದ ಹದಿನಾರು ಸಾವಿರವನ್ನು 9.8ರಿಂದ ಭಾಗಿಸಿದರೆ ಸುಮಾರು ರೂ. 42,450. ಕ್ವಿಂಟಲಿಗೆ ರೂ. 2,450 ಏರಿದರೆ ಮಾತ್ರ ಅಸಲಿಗೆ ಅಸಲು. ಅದಕ್ಕಿಂತ ಕಡಿಮೆ ಏರಿದರೆ ದರ ಏರಿದ ಸಂತೋಷದಲ್ಲೇ ನಷ್ಟ.

ಈ ಲೆಕ್ಕವನ್ನು ಕಾಲೇಜಿನಲ್ಲಿ ಓದಿದ ಹುಡುಗ ಹತ್ತು ನಿಮಿಷದಲ್ಲಿ ಮಾಡುತ್ತಾನೆ. ಆದರೆ ಆ ಶೇ. 2 ಎಂಬ ಅಂಕಿ ಎಲ್ಲಿಂದ ಬರುತ್ತದೆ? ಹೊಸ ಚಾಲಿಯೋ ಹಳೆಯದೋ, ಎಷ್ಟು ಬಿಸಿಲು ಕಂಡಿದೆ, ಮಳೆಗಾಲದಲ್ಲಿ ಆ ವಖಾರಿಯ ಯಾವ ಗೋಡೆ ತೇವ ಹಿಡಿಯುತ್ತದೆ, ಇವನ್ನು ಬಲ್ಲವನು ಮೂವತ್ತು ವರ್ಷದಿಂದ ತೂಕದ ಹತ್ತಿರ ನಿಂತವನು. ರಾಶಿ, ಚಾಲಿ, ತಟ್ಟಿಬೆಟ್ಟೆ, ಬಿಳೆಗೋಟು, ಕೆಂಪುಗೋಟು, ಕೋಕ ಎಂದು ಕೈಯಲ್ಲಿ ಹಿಡಿದೇ ಬೇರ್ಪಡಿಸುವ ವಿದ್ಯೆ ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ಈ ಎರಡು ತಿಳಿವಳಿಕೆ ಒಂದೇ ಮೇಜಿಗೆ ಬಂದಾಗ ಆಡಳಿತ ಹುಟ್ಟುತ್ತದೆ.

ಕಾಫಿಯಲ್ಲೂ ಇದೇ ಕಥೆ. ಕಾಫಿ ಮಂಡಳಿಯ ಪೂಲ್ ಪದ್ಧತಿ ಇದ್ದಾಗ ಬೆಳೆಗಾರ ಕಾಫಿ ಒಪ್ಪಿಸಿ ಹಣದ ಕಂತಿಗೆ ಕಾಯುತ್ತಿದ್ದ. 1992ರಿಂದ ಹಂತ ಹಂತವಾಗಿ ಸಡಿಲಗೊಂಡು 1996ರ ಹೊತ್ತಿಗೆ ಮಾರಾಟ ಪೂರ್ತಿ ಮುಕ್ತವಾಯಿತು. ಅಲ್ಲಿಂದೀಚೆಗೆ ಯಾವಾಗ ಮಾರಬೇಕು, ಚೆರಿಯಾಗಿ ಮಾರಬೇಕೋ ಪಾರ್ಚ್‌ಮೆಂಟ್ ಮಾಡಬೇಕೋ ಎಂಬ ತೀರ್ಮಾನ ಬೆಳೆಗಾರನ ತಲೆಯ ಮೇಲೆ ಬಿದ್ದಿದೆ. ಅಡಿಕೆಯ ನಡುವೆ ನಾಲ್ಕು ಸಾಲು ಕಾಫಿ ಹಾಕಿದವರಿಗೂ ಅದು ತಪ್ಪಿದ್ದಲ್ಲ.

5. ನಮ್ಮ ಒಂದು ತಪ್ಪು

ಉಪದೇಶ ಹೇಳುವ ಮೊದಲು ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಸದಸ್ಯರೊಬ್ಬರ ಮಗನನ್ನು, ಎಂ.ಬಿ.ಎ. ಮುಗಿಸಿದವನನ್ನು, ಸಂಘಕ್ಕೆ ಸೇರಿಸಿಕೊಂಡೆವು. ಹುಡುಗ ಚುರುಕು. ಬಂದ ಮೂರು ತಿಂಗಳಿಗೇ ಒಂದು ಸಲಹೆ ಬರೆದುಕೊಟ್ಟ. ವಖಾರಿಗೆ ಮಾಲು ಬರುವಾಗ ತೂಕ ಮಾಡುವಂತೆ ಹೊರಗೆ ಹೋಗುವಾಗಲೂ ಪ್ರತಿ ಲಾಟಿನ ತೂಕ ಬರೆದಿಡೋಣ, ಆಗ ಒಣಗಿ ಇಳಿದದ್ದೆಷ್ಟು, ಬೇರೆ ರೀತಿಯಲ್ಲಿ ಇಳಿದದ್ದೆಷ್ಟು ಎಂದು ತಿಳಿಯುತ್ತದೆ ಎಂದ. ನಾವು "ನೋಡೋಣ" ಎಂದೆವು. ಎರಡನೆಯ ಸಲ ಕೇಳಿದ, "ಮುಂದಿನ ಸಭೆಗೆ ಇಡೋಣ" ಎಂದೆವು. ಮೂರನೆಯ ಸಲ ಆಡಳಿತ ಮಂಡಳಿಯ ಹಿರಿಯರೊಬ್ಬರು ನಕ್ಕು, "ತಮ್ಮಾ, ನೀನು ಹುಟ್ಟುವ ಮೊದಲಿಂದ ನಾವು ಅಡಿಕೆ ತೂಗುತ್ತಿದ್ದೇವೆ" ಎಂದರು. ಎಲ್ಲರೂ ನಕ್ಕೆವು.

ಅವನಲ್ಲೂ ತಪ್ಪಿತ್ತು. ತಂದೆಯ ವಯಸ್ಸಿನ ತೂಕದವರನ್ನು ಹೆಸರು ಹಿಡಿದು ಏಕವಚನದಲ್ಲಿ ಕರೆಯುತ್ತಿದ್ದ. ಹಮಾಲರ ಜೊತೆ ಕೂತು ಒಂದು ದಿನ ಚಹಾ ಕುಡಿಯಲಿಲ್ಲ. ಸದಸ್ಯರಿಗೆ ಅರ್ಥವಾಗದ ಇಂಗ್ಲಿಷ್ ತಖ್ತೆಗಳನ್ನು ಗೋಡೆಗೆ ಅಂಟಿಸಿದ. ಹನ್ನೊಂದನೆಯ ತಿಂಗಳಲ್ಲಿ ಹುಬ್ಬಳ್ಳಿಯ ಖಾಸಗಿ ಕೆಲಸಕ್ಕೆ ಹೋದ. ಮರುವರ್ಷ ದಾಸ್ತಾನು ತಾಳೆ ನೋಡಿದಾಗ ಕೊರತೆ ಕಂಡಿತು. ಎಲ್ಲಿ ಇಳಿಯಿತು, ಹೇಗೆ ಇಳಿಯಿತು ಎಂದು ಹೇಳಲು ನಮ್ಮ ಹತ್ತಿರ ಒಂದು ಕಾಗದವೂ ಇರಲಿಲ್ಲ. ಅವನ ಸಲಹೆಯ ಹಾಳೆ ಮಾತ್ರ ಕಡತದಲ್ಲಿತ್ತು. ಈಗ ಹೊರಹೋಗುವ ತೂಕವನ್ನೂ ಬರೆಯುತ್ತೇವೆ. ಹುಡುಗ ಮಾತ್ರ ಮರಳಲಿಲ್ಲ.

"ತಾನು ಮಾಡುವುದು ಉತ್ತಮ, ಮಗ ಮಾಡುವುದು ಮಧ್ಯಮ, ಆಳು ಮಾಡುವುದು ಹಾಳು" ಎಂಬ ಗಾದೆಯನ್ನು ನಾವು ತೋಟದಿಂದ ಸಂಘಕ್ಕೂ ಹೊತ್ತು ತಂದಿದ್ದೇವೆ. ಸಂಬಳಕ್ಕೆ ಬಂದವನನ್ನು ಆಳು ಎಂದೇ ನೋಡುತ್ತೇವೆ. ತೋಟದಲ್ಲಿ ಆ ಗಾದೆ ಸರಿಯಿರಬಹುದು. ಸಂಘದ ಮಾಲಕರು ನೂರಾರು ಮಂದಿ. ಎಲ್ಲರೂ ತಾವೇ ಮಾಡಲಾಗುವುದಿಲ್ಲ.

ಗುಜರಾತಿನ ಆಣಂದದಲ್ಲಿ ಇದನ್ನು ಬೇರೆ ರೀತಿ ಮಾಡಿದರು. ವರ್ಗೀಸ್ ಕುರಿಯನ್ ಅವರು ಸರ್ಕಾರಿ ವಿದ್ಯಾರ್ಥಿವೇತನದಲ್ಲಿ ಅಮೆರಿಕೆಯಲ್ಲಿ ಇಂಜಿನಿಯರಿಂಗ್ ಓದಿ ಬಂದವರು. 1949ರಲ್ಲಿ ಬಾಂಡ್ ತೀರಿಸಲೆಂದು ಇಷ್ಟವಿಲ್ಲದೆಯೇ ಆಣಂದಕ್ಕೆ ಬಂದರು, ಅವಧಿ ಮುಗಿದೊಡನೆ ಹೊರಡುವ ಯೋಚನೆಯಲ್ಲಿದ್ದರು. 1946ರಲ್ಲಿ ಆರಂಭವಾಗಿದ್ದ ಹಾಲಿನ ಸಹಕಾರಿ ಸಂಘದ ಅಧ್ಯಕ್ಷ ತ್ರಿಭುವನದಾಸ ಪಟೇಲರು ಅವರನ್ನು ಉಳಿಸಿಕೊಂಡರು. ರೈತರ ವಿಶ್ವಾಸ ನೋಡಿಕೊಳ್ಳುವುದು ಅಧ್ಯಕ್ಷರ ಪಾಲು, ಡೇರಿ ನಡೆಸುವುದು ಕುರಿಯನ್ನರ ಪಾಲು. ಒಬ್ಬರ ಪಾಲಿನಲ್ಲಿ ಇನ್ನೊಬ್ಬರು ಕೈ ಹಾಕಲಿಲ್ಲ. ಅಮುಲ್ ಬೆಳೆದದ್ದು ಈ ಹೊಂದಾಣಿಕೆಯ ಮೇಲೆ. ಗ್ರಾಮೀಣ ಸಂಸ್ಥೆಗಳಿಗೆ ಆಡಳಿತಗಾರರು ಬೇಕೆಂದು 1979ರಲ್ಲಿ ಅಲ್ಲೇ ಇರ್ಮಾ ಎಂಬ ಶಾಲೆ ತೆರೆದರು. 2025ರಲ್ಲಿ ಅದನ್ನು ಒಳಗೊಂಡು ತ್ರಿಭುವನ್ ಸಹಕಾರಿ ವಿಶ್ವವಿದ್ಯಾಲಯ ಆರಂಭವಾಗಿದೆ. ಸಹಕಾರಿ ಸಂಘದ ಅಧ್ಯಕ್ಷರೊಬ್ಬರ ಹೆಸರಿನ ವಿಶ್ವವಿದ್ಯಾಲಯ ಅದು.

6. ನಮ್ಮ ನಾಲ್ಕು ಕಡೆಯ ಬಾಗಿಲುಗಳು

ಕೆಲಸ ಎಂದರೆ ಬೆಂಗಳೂರು ಎನ್ನುವ ಮೊದಲು ಸುತ್ತ ಒಮ್ಮೆ ನೋಡಬೇಕು. ದಾಂಡೇಲಿಯಲ್ಲಿ 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆ ಇದೆ. ಕಾಳಿ ನದಿಯ ಪ್ರವಾಸೋದ್ಯಮ ಬೆಳೆದು ರೆಸಾರ್ಟು, ಹೋಂಸ್ಟೇಗಳಲ್ಲಿ ಲೆಕ್ಕ, ಮುಂಗಡ ಕಾಯ್ದಿರಿಸುವಿಕೆ, ಸಿಬ್ಬಂದಿ ನೋಡಿಕೊಳ್ಳುವವರು ಬೇಕಾಗಿದ್ದಾರೆ. ಹಳಿಯಾಳದಲ್ಲಿ ಸಕ್ಕರೆ ಕಾರ್ಖಾನೆಯಿದೆ. ಸ್ವಂತ ಉದ್ಯೋಗ ಮಾಡುವವರಿಗೆ ಕೆನರಾ ಬ್ಯಾಂಕ್ ದೇಶಪಾಂಡೆ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಯೂ ಅಲ್ಲೇ ಇದೆ. ಮುಂಡಗೋಡದಲ್ಲಿ 1966ರಿಂದ ನೆಲೆಸಿದ ಟಿಬೆಟನ್ನರ ಶಿಬಿರದ ಸುತ್ತ ವ್ಯಾಪಾರ ಬೆಳೆದಿದೆ. ಗದ್ದೆಗಳು ತೋಟವಾಗುತ್ತಿರುವುದರಿಂದ ಅಡಿಕೆ ವಹಿವಾಟೂ ಏರುತ್ತಿದೆ.

ಜೋಯಿಡಾದ ಮಾತು ಬೇರೆ. ಕಾಡಿನ ನಡುವೆ ಚದುರಿದ ಊರುಗಳು, ಮಳೆಗಾಲದಲ್ಲಿ ಬಸ್ಸಿನ ತೊಂದರೆ, ಹುಲಿ ಸಂರಕ್ಷಿತ ಪ್ರದೇಶದ ಕಟ್ಟುಪಾಡು. ಓದಿದವರು ಅಲ್ಲಿಂದಲೇ ಹೆಚ್ಚು ಹೊರಹೋಗುತ್ತಾರೆ. ಆದರೆ ಕುಣಬಿ ಸಮುದಾಯದವರು ಬೆಳೆಯುವ ಗಡ್ಡೆ-ಗೆಣಸಿಗಾಗಿಯೇ ಜೋಯಿಡಾದಲ್ಲಿ ಮೇಳ ನಡೆಯುತ್ತಿದೆ. ಆ ಗೆಡ್ಡೆಗಳು, ಜೇನು, ಕೋಕಂ, ಕಾಳುಮೆಣಸನ್ನು ವಿಂಗಡಿಸಿ, ಕಟ್ಟಿ, ಬಿಲ್ಲು ಮಾಡಿ ವರ್ಷವಿಡೀ ಮಾರುವ ಒಬ್ಬ ಓದಿದ ಹುಡುಗಿ ಇದ್ದರೆ ಹತ್ತು ಮನೆಗೆ ಆದಾಯ. ಅದು ಮ್ಯಾನೇಜರ್ ಕೆಲಸವೇ, ಮೇಜು-ಕುರ್ಚಿ ಇಲ್ಲ ಅಷ್ಟೇ.

ಪಕ್ಕದ ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿ 1923ರಲ್ಲಿ ಹುಟ್ಟಿ ನೂರು ವರ್ಷ ದಾಟಿದೆ. ಅಡಿಕೆಯ ಟೆಂಡರು, ಲೆಕ್ಕ, ವಖಾರಿ ಹೇಗೆ ನಡೆಯುತ್ತದೆ ಎಂದು ವಾಣಿಜ್ಯ ಓದುವ ಮಕ್ಕಳು ಒಂದು ದಿನವಾದರೂ ಹೋಗಿ ನೋಡಿ ಬರಲಿ.

7. ಐದು ವರ್ಷದ ನಕ್ಷೆ

ಮೊದಲ ವರ್ಷ: ಸಂಬಳಕ್ಕಿಂತ ಕಲಿಕೆ ನೋಡಿ. ಅಪ್ರೆಂಟಿಸ್ ಕಾಯ್ದೆಗೆ 2014ರಲ್ಲಿ ತಿದ್ದುಪಡಿಯಾದ ಮೇಲೆ ಬಿ.ಕಾಂ., ಬಿ.ಬಿ.ಎ. ಆದವರೂ ಭತ್ಯೆ ಪಡೆದು ಕೆಲಸ ಕಲಿಯಬಹುದು. ಸಹಕಾರಿ ಸಂಸ್ಥೆಗಳಲ್ಲಿ ಕಲಿಯಲೆಂದು ರಾಷ್ಟ್ರೀಯ ಸಹಕಾರ ಅಭಿವೃದ್ಧಿ ನಿಗಮವು 2020ರಲ್ಲಿ ಸಹಕಾರ ಮಿತ್ರ ಎಂಬ ಯೋಜನೆ ತಂದಿತು. ಅರ್ಜಿ ಹಾಕುವ ಮೊದಲು ವಿಚಾರಿಸಿ.

ಎರಡನೆಯ ವರ್ಷ: ಒಂದೇ ಮೇಜಿಗೆ ಅಂಟಿಕೊಳ್ಳಬಾರದು. ಲೆಕ್ಕದವನು ಮಾರಾಟ ನೋಡಲಿ, ಮಾರಾಟದವನು ಉಗ್ರಾಣ ನೋಡಲಿ. ಜಿ.ಎಸ್.ಟಿ. ವಿವರಪಟ್ಟಿಯನ್ನು ತಾನೇ ತುಂಬಲು ಕಲಿಯಲಿ.

ಮೂರನೆಯ ವರ್ಷ: ಒಂದು ಸಣ್ಣ ಹೊಣೆ ಪೂರ್ತಿ ತನ್ನದೆಂದು ಕೇಳಿ ಪಡೆಯಲಿ. ಒಂದು ವಖಾರಿ, ಒಂದು ಶಾಖೆ, ಒಂದು ಸಂತೆಯ ಖರೀದಿ. ತಪ್ಪಾದರೆ ತನ್ನ ತಪ್ಪೆಂದು ಒಪ್ಪುವ ಅಭ್ಯಾಸ ಇಲ್ಲೇ ಬರಬೇಕು.

ನಾಲ್ಕು, ಐದನೆಯ ವರ್ಷ: ಕೈಕೆಳಗೆ ನಾಲ್ಕು ಜನ ಇರುತ್ತಾರೆ. ತನಗಿಂತ ಹಿರಿಯರಿಂದ ಕೆಲಸ ಮಾಡಿಸುವುದು ಎಲ್ಲಕ್ಕಿಂತ ಕಷ್ಟದ ವಿದ್ಯೆ. ಅಣ್ಣ, ಅಕ್ಕ, ಮಾವ ಎಂದು ಕರೆದು ಗೌರವ ಕೊಡಬೇಕು, ಆದರೆ ಲೆಕ್ಕದಲ್ಲಿ ಒಂದು ಕಿಲೋ ಬಿಡಬಾರದು. ಇಲ್ಲಿಗೆ ಬಂದವನು ಮ್ಯಾನೇಜರ್ ಎನಿಸಿಕೊಳ್ಳಲು ಅರ್ಹ. ಎಂ.ಬಿ.ಎ. ಬೇಕೋ ಬೇಡವೋ, ಊರಿಗೆ ಮರಳಬೇಕೋ ಬೇಡವೋ ಎಂಬುದನ್ನು ಈಗ ಅವನೇ ತೀರ್ಮಾನಿಸಬಲ್ಲ.

ಎಚ್ಚರಿಕೆಯ ಮಾತು: ಕೆಲಸ ಕೊಡಿಸಲು ಮುಂಗಡ ಹಣ ಕೇಳುವವರ ಹತ್ತಿರ ಸುಳಿಯಬೇಡಿ. ಮೂಲ ಅಂಕಪಟ್ಟಿಗಳನ್ನು ಯಾರಲ್ಲೂ ಬಿಟ್ಟುಬರಬೇಡಿ. ಕರಾರು ಪತ್ರ ಓದದೆ ಸಹಿ ಹಾಕಬೇಡಿ.

8. ಮನೆಯ ಕೆಲಸ, ಸಂಘದ ಕೆಲಸ

ಮನೆಯಲ್ಲಿ ಇಂದಿನಿಂದಲೇ ತೋಟದ ಜಮಾ-ಖರ್ಚಿನ ಪುಸ್ತಕವನ್ನು ಓದುವ ಮಕ್ಕಳ ಕೈಗೆ ಕೊಡಿ. ಕೊನೆಕೊಯ್ಲು, ಸುಲಿಯುವ ಕೂಲಿ, ಗೊಬ್ಬರ, ಔಷಧಿ ಎಲ್ಲ ಬರೆಯಲಿ. ವರ್ಷದ ಕೊನೆಗೆ ಕ್ವಿಂಟಲಿಗೆ ಎಷ್ಟು ಖರ್ಚು ಬಿತ್ತು ಎಂದು ಅವರು ಹೇಳಲಿ, ನೀವು ಕೇಳಿ. ಹೆಣ್ಣುಮಕ್ಕಳನ್ನು ಇದರಿಂದ ಹೊರಗಿಡಬೇಡಿ. ಬಹಳ ಮನೆಗಳಲ್ಲಿ ನಿಜವಾದ ಲೆಕ್ಕ ಇರುವುದು ಅಡಿಗೆಮನೆಯ ಕ್ಯಾಲೆಂಡರಿನ ಹಿಂದೆ, ತಾಯಿಯ ಅಕ್ಷರದಲ್ಲಿ.

ಸಂಘದಲ್ಲಿ, ಕೆಲಸಕ್ಕೆ ಬಂದ ಪದವೀಧರರಿಗೆ ಯಾವ ಅಧಿಕಾರ ಎಷ್ಟರವರೆಗೆ ಎಂದು ಬರೆದುಕೊಡಬೇಕು. ಅವರು ಲಿಖಿತವಾಗಿ ಕೊಟ್ಟ ಸಲಹೆ ಮುಂದಿನ ಸಭೆಯ ವಿಷಯಪಟ್ಟಿಗೆ ಬರಲೇಬೇಕು. ಒಪ್ಪಲಿ, ಬಿಡಲಿ, ಕಾರಣ ನಡಾವಳಿಯಲ್ಲಿ ಇರಬೇಕು. ಮೊದಲ ಆರು ತಿಂಗಳು ಹಳೆಯ ತೂಕದವರ ಜೊತೆ ನಿಲ್ಲಿಸಬೇಕು, ಗುರುವೆಂದು ಅವರನ್ನೇ ತೋರಿಸಬೇಕು. ಮುಂದಿನ ಮಹಾಸಭೆಯಲ್ಲಿ ಈ ಮೂರು ಮಾತನ್ನು ಸದಸ್ಯರ ಮುಂದೆ ಇಡಲಿದ್ದೇವೆ. ಬಂದು ನಿಮ್ಮ ಅಭಿಪ್ರಾಯ ತಿಳಿಸಿ.

ಅಭ್ಯಾಸದ ಪ್ರಶ್ನೆಗಳು

1. ನಿಮ್ಮ ಮನೆಯಲ್ಲಿ ಕಳೆದ ವರ್ಷ ಒಂದು ಕ್ವಿಂಟಲ್ ಚಾಲಿಗೆ ಅಥವಾ ಒಂದು ಚೀಲ ಕಾಫಿಗೆ ಬಿದ್ದ ಖರ್ಚೆಷ್ಟು? ಯಾರು ಹೇಳಬಲ್ಲರು?

2. ನಾಲ್ಕನೆಯ ಭಾಗದ ಲೆಕ್ಕದಲ್ಲಿ ಮುಂಗಡವನ್ನೇ ಪಡೆಯದಿದ್ದರೆ, ಅಸಲು ಮುಟ್ಟಲು ದರ ಎಷ್ಟಿರಬೇಕು? ಮಕ್ಕಳಿಂದ ಮಾಡಿಸಿ ನೋಡಿ.

3. ಸಂಘಕ್ಕೆ ಓದಿದ ಹುಡುಗನೋ ಹುಡುಗಿಯೋ ಬಂದು "ನಿಮ್ಮ ತೂಕದ ಪದ್ಧತಿ ಬದಲಾಗಬೇಕು" ಎಂದರೆ, ನಕ್ಕುಬಿಡುವ ಮೊದಲು ನೀವು ಕೇಳಬೇಕಾದ ಪ್ರಶ್ನೆ ಯಾವುದು?